ನೇತೃಭಾವ ಮೀಮಾಂಸೆ: ಚೀನಾದ ಕಾರ್ಮಿಕಳನ್ನು ನೆನೆದಾಗ ರಾಜಕಾರಣಿಗಳಲ್ಲಿ ಹುಟ್ಟುವ ಭಾವಗಳ ವಿಂಗಡಣೆ

ಭರತಮುನಿ ನಾಟ್ಯಶಾಸ್ತ್ರದಲ್ಲಿ ಎಂಟು ರಸಗಳನ್ನು ಎಣಿಸಿದ. ಮುಂದೆ ಬಂದವರು ಶಾಂತವನ್ನೂ ಕೂಡಿಸಿ ಒಂಬತ್ತು ಮಾಡಿದರು. ರಂಗಸ್ಥಳಕ್ಕೆ ಅಷ್ಟು ಸಾಕು, ಸಂಸತ್ತಿಗೆ ಸಾಲದು. ಚೀನಾದ ಕಾರ್ಖಾನೆಯಲ್ಲಿ ದುಡಿಯುವ ಹುಡುಗಿಯೊಬ್ಬಳನ್ನು ನೆನೆದು ಒಬ್ಬನೇ ರಾಜಕಾರಣಿ ಚುನಾವಣೆಗೆ ಮುಂಚೆ ಮರುಗುತ್ತಾನೆ, ಗೆದ್ದ ಮೇಲೆ ಮರೆಯುತ್ತಾನೆ, ದಾನಿಗಳ ಊಟದ ಮೇಜಿನಲ್ಲಿ ಬೆರಗಾಗುತ್ತಾನೆ, ತನ್ನೂರಿನ ಕೆಲಸಗಾರರು ಸಂಬಳ ಹೆಚ್ಚಿಸಿ ಎಂದಾಗ ಅವಳನ್ನೇ ಮೇಲ್ಪಂಕ್ತಿಯಾಗಿ ತೋರಿಸುತ್ತಾನೆ. ಹುಡುಗಿ ಮಾತ್ರ ಅದೇ ಬೆಂಚಿನ ಮುಂದೆ ಕೂತು ಅದೇ ಸ್ಕ್ರೂ ತಿರುಗಿಸುತ್ತಿರುತ್ತಾಳೆ. ಇಷ್ಟು ಸಮೃದ್ಧವಾದ ವಿಷಯಕ್ಕೆ ಒಂದು ಲಕ್ಷಣಗ್ರಂಥವಿಲ್ಲದಿರುವುದು ವಿದ್ವತ್ತಿಗೆ ಶೋಭೆಯಲ್ಲವೆಂದು ಬಗೆದು ಈ ಮೀಮಾಂಸೆಯನ್ನು ಆರಂಭಿಸುತ್ತೇವೆ.

ಸೂತ್ರ 1: ಕಾರ್ಮಿಕಳು ಆಲಂಬನವಲ್ಲ, ಉದ್ದೀಪನ.

ವೃತ್ತಿ: ಯಾರನ್ನು ಕುರಿತು ಭಾವ ಹುಟ್ಟುತ್ತದೋ ಆ ವ್ಯಕ್ತಿ ಆಲಂಬನ ವಿಭಾವ. ದುಷ್ಯಂತನಿಗೆ ಶಕುಂತಲೆ ಆಲಂಬನ. ಸುತ್ತಲಿನ ಬೆಳದಿಂಗಳು, ತಂಗಾಳಿ, ಕೋಗಿಲೆ ಇವೆಲ್ಲ ಉದ್ದೀಪನ. ರಾಜಕಾರಣಿ ಶೆಂಜೆನ್ನಿನ ಹುಡುಗಿಗಾಗಿ ಗದ್ಗದನಾದಾಗ ಅವಳೇ ಆಲಂಬನವೆಂದು ಸಾಮಾನ್ಯ ಪ್ರೇಕ್ಷಕ ತಿಳಿಯುತ್ತಾನೆ. ಅದು ಭ್ರಮೆ. ಆಲಂಬನ ಒಹಾಯೊದ ಮತದಾರ, ಅಥವಾ ಮ್ಯಾಂಚೆಸ್ಟರಿನ ಪಕ್ಷದ ಸಮ್ಮೇಳನದಲ್ಲಿ ಮುಂದಿನ ಸಾಲಿನಲ್ಲಿ ಕೂತವನು. ಶೆಂಜೆನ್ನಿನ ಹುಡುಗಿ ಬೆಳದಿಂಗಳು. ಮುಂದಿನ ಸೂತ್ರಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ಬೆಳದಿಂಗಳ ಸ್ವರೂಪವನ್ನು ಮೊದಲು ಹೇಳಿಬಿಡಬೇಕು, ಏಕೆಂದರೆ ಮುಂದೆ ಯಾರೂ ಅದನ್ನು ಕೇಳುವುದಿಲ್ಲ. ಚೀನಾದ ಕಾರ್ಮಿಕ ಕಾಯ್ದೆ 1995ರ ಜನವರಿಯಿಂದ ಜಾರಿಯಲ್ಲಿದೆ. ದಿನಕ್ಕೆ ಎಂಟು ಗಂಟೆ ಕೆಲಸ, ವಾರಕ್ಕೆ ಸರಾಸರಿ 44 ಗಂಟೆ ಮೀರಬಾರದು, ಓಟಿ ತಿಂಗಳಿಗೆ 36 ಗಂಟೆ ಮೀರಬಾರದು. ಓದಿದರೆ ಸ್ವೀಡನ್ನಿನ ಕಾಯ್ದೆ ಅನ್ನಿಸಬೇಕು. ಕಾಯ್ದೆ ಮೀರಿದ ಮಾಲೀಕನನ್ನು ಕೇಳಬೇಕಾದದ್ದು ಸಂಘ. ಸಂಘ ಒಂದೇ: ಅಖಿಲ ಚೀನಾ ಕಾರ್ಮಿಕ ಸಂಘಗಳ ಒಕ್ಕೂಟ. ಅದು ಕಮ್ಯುನಿಸ್ಟ್ ಪಕ್ಷದ ಅಂಗ. ಅದರ ಹೊರಗೆ ಇನ್ನೊಂದನ್ನು ಕಟ್ಟುವಂತಿಲ್ಲ. ಮುಷ್ಕರದ ಹಕ್ಕು 1975ರ ಮತ್ತು 1978ರ ಸಂವಿಧಾನಗಳಲ್ಲಿತ್ತು. 1982ರ ಸಂವಿಧಾನದಲ್ಲಿ ಕಾಣೆಯಾಯಿತು. ಹಳ್ಳಿಯಿಂದ ಬಂದವಳ ಹುಕೌ, ಅಂದರೆ ನಿವಾಸದ ದಾಖಲೆ, ಹಳ್ಳಿಯದೇ ಆಗಿ ಉಳಿಯುತ್ತದೆ. ಆದ್ದರಿಂದ ದುಡಿಯುವ ಊರಿನಲ್ಲಿ ಮಗುವಿಗೆ ಸರ್ಕಾರಿ ಶಾಲೆಯ ಸೀಟಿನಿಂದ ಹಿಡಿದು ಎಲ್ಲಕ್ಕೂ ಅವಳು ಹೊರಗಿನವಳೇ. ಉದ್ದೀಪನದ ವರ್ಣನೆ ಇಷ್ಟು.

ಸೂತ್ರ 2: ನೇತೃಗಳು ಇಬ್ಬಗೆ: ಪರಕೀಯರು, ಸ್ವಕೀಯರು.

ನಾಯಿಕಾಭೇದದಲ್ಲಿ ಬರುವ ಈ ಹೆಸರುಗಳನ್ನು ಇಲ್ಲಿ ಎರವಲು ಪಡೆದಿದ್ದೇವೆ. ಚೀನಾದ ಹೊರಗಿನ ರಾಜಕಾರಣಿಗಳು ಪರಕೀಯರು, ಒಳಗಿನವರು ಸ್ವಕೀಯರು. ಪರಕೀಯರಲ್ಲಿ ಮಾದರಿಗಳು ಹೇರಳವಾಗಿ ದೊರೆಯುವುದರಿಂದ ಅಲ್ಲಿಂದಲೇ ಆರಂಭ.

ಅ. ಆದಿಮ ರೌದ್ರ

ಇದು ಪಳೆಯುಳಿಕೆ. 1870ರ ದಶಕದ ಕ್ಯಾಲಿಫೋರ್ನಿಯಾದಲ್ಲಿ ಡೆನಿಸ್ ಕಿಯರ್ನಿ ಎಂಬ ಭಾಷಣಕಾರ ಚೀನೀಯರು ತೊಲಗಲೇಬೇಕೆಂಬ ಘೋಷಣೆಯಿಂದಲೇ ಹೆಸರಾದ. ಅವನೇ ಐರ್ಲೆಂಡಿನಿಂದ ವಲಸೆ ಬಂದವನೆಂಬುದನ್ನು ವ್ಯಾಖ್ಯಾನಕಾರರು ಅಡಿಟಿಪ್ಪಣಿಯಲ್ಲಿ ಹಾಕುವ ರೂಢಿ. ನಾವು ಮೇಲೆಯೇ ಹಾಕುತ್ತೇವೆ. 1882ರಲ್ಲಿ ಅಮೆರಿಕ ಚೀನೀ ಕಾರ್ಮಿಕರ ಪ್ರವೇಶವನ್ನು ನಿಷೇಧಿಸಿತು. ಅವರ ಮೇಲಿದ್ದ ಆರೋಪ ಕಡಿಮೆ ಕೂಲಿಗೆ ಹೆಚ್ಚು ದುಡಿಯುತ್ತಾರೆ ಎಂಬುದು. ನೂರು ವರ್ಷದ ಮೇಲೆ ಇದೇ ಗುಣಕ್ಕೆ ಬಂಡವಾಳ ಹಡಗು ಹತ್ತಿ ಅವರನ್ನು ಹುಡುಕಿಕೊಂಡು ಹೋಯಿತು. ನಿಷೇಧ ರದ್ದಾದದ್ದು 1943ರಲ್ಲಿ. ಆ ಹೊತ್ತಿಗೆ ಜಪಾನಿನ ವಿರುದ್ಧದ ಯುದ್ಧದಲ್ಲಿ ಚೀನಾ ಮಿತ್ರರಾಷ್ಟ್ರವಾಗಿತ್ತು. ವರ್ಷಕ್ಕೆ 105 ಮಂದಿಗೆ ಪ್ರವೇಶ ಸಿಕ್ಕಿತು. ರೌದ್ರ ಶಾಂತವಾಗಿ ತಿರುಗುವ ವೇಗವನ್ನು ಅಳೆಯುವವರಿಗೆ ಈ 105 ಒಂದು ಪ್ರಮಾಣ.

ಆ. ವಾರ್ಷಿಕ ಕರುಣ

ಪ್ರತಿ ಬೇಸಿಗೆಯಲ್ಲೂ ಹುಟ್ಟಿ ಶರತ್ಕಾಲದೊಳಗೆ ತೀರಿಹೋಗುವ ಭಾವ ಇದು. ಕಮ್ಯುನಿಸ್ಟ್ ದೇಶಗಳಿಗೆ ಕೊಡುವ ವ್ಯಾಪಾರದ ರಿಯಾಯಿತಿಯನ್ನು ಅಮೆರಿಕದಲ್ಲಿ ವರ್ಷಕ್ಕೊಮ್ಮೆ ನವೀಕರಿಸಬೇಕಾಗಿತ್ತು. 1989ರ ತಿಯಾನನ್‌ಮೆನ್ ಹತ್ಯಾಕಾಂಡದ ನಂತರ ಈ ನವೀಕರಣದ ಚರ್ಚೆ ಮುಂಗಾರಿನಷ್ಟೇ ನಿಯಮಿತವಾಯಿತು. ಜೈಲಿನ ಕೈದಿಗಳು ಹೊಲಿದ ಬಟ್ಟೆ, ಸೆರೆಯಲ್ಲಿದ್ದ ಸಂಘಟಕರು, ಬೀಗ ಹಾಕಿದ ಕಾರ್ಖಾನೆಗಳು ಎಲ್ಲವೂ ಚರ್ಚೆಗೆ ಬರುತ್ತಿದ್ದವು. ಚರ್ಚೆ ಮುಗಿಯುತ್ತಿತ್ತು. ರಿಯಾಯಿತಿ ಮುಂದುವರಿಯುತ್ತಿತ್ತು.

ಇದರ ಶ್ರೇಷ್ಠ ಉದಾಹರಣೆ ಬಿಲ್ ಕ್ಲಿಂಟನ್. 1992ರ ಚುನಾವಣೆಯಲ್ಲಿ ಅವರು ಬೀಜಿಂಗಿನ ದಬ್ಬಾಳಿಕೆಗಾರರನ್ನು ಮುದ್ದುಮಾಡುತ್ತಿದ್ದಾರೆಂದು ಹಿರಿಯ ಬುಷ್‌ರನ್ನು ಮೂದಲಿಸಿದರು. ಗೆದ್ದರು. 1993ರ ಮೇ ತಿಂಗಳಲ್ಲಿ, ಮಾನವ ಹಕ್ಕುಗಳು ಸುಧಾರಿಸದಿದ್ದರೆ ರಿಯಾಯಿತಿ ಇಲ್ಲವೆಂದು ಆದೇಶ ಹೊರಡಿಸಿದರು. 1994ರ ಮೇ ತಿಂಗಳಲ್ಲಿ ಹಕ್ಕು ಬೇರೆ, ವ್ಯಾಪಾರ ಬೇರೆ ಎಂದರು. ನಡುವೆ ಬಂದ ಒಂದು ತಾರೀಖನ್ನು ಇಲ್ಲಿ ಗುರುತಿಸಬೇಕು. 1993ರ ನವೆಂಬರ್ 19ರಂದು ಶೆಂಜೆನ್ನಿನ ಝಿಲಿ ಆಟಿಕೆ ಕಾರ್ಖಾನೆಗೆ ಬೆಂಕಿ ಬಿತ್ತು. ಕಿಟಕಿಗಳಿಗೆ ಸರಳು, ಬಾಗಿಲುಗಳಿಗೆ ಬೀಗ. ಒಳಗೆ 80ಕ್ಕೂ ಹೆಚ್ಚು ಮಂದಿ ಸತ್ತರು, ಬಹುತೇಕ ಎಲ್ಲರೂ ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳು. ಇಟಲಿಯ ಮಕ್ಕಳಿಗೆ ಗೊಂಬೆ ಮಾಡುತ್ತಿದ್ದರು. ಅದೇ ತಾರೀಖಿನಲ್ಲಿ ಸಿಯಾಟಲ್‌ನಲ್ಲಿ ಕ್ಲಿಂಟನ್ ಮತ್ತು ಚೀನಾದ ಅಧ್ಯಕ್ಷ ಜಿಯಾಂಗ್ ಝೆಮಿನ್ ಕೈ ಕುಲುಕಿದರು. ಇವೆರಡಕ್ಕೂ ಕಾರ್ಯಕಾರಣ ಸಂಬಂಧವಿಲ್ಲ. ಶಾಸ್ತ್ರ ಇದನ್ನು ಕಾಕತಾಳೀಯವೆನ್ನುತ್ತದೆ. ನಾವೂ ಹಾಗೆಯೇ ಅನ್ನುತ್ತೇವೆ.

2000ದ ಮಾರ್ಚ್‌ನಲ್ಲಿ ಅದೇ ಕ್ಲಿಂಟನ್, ವಿಶ್ವ ವ್ಯಾಪಾರ ಸಂಸ್ಥೆಗೆ ಸೇರುವ ಚೀನಾ ನಮ್ಮ ಸರಕನ್ನಷ್ಟೇ ಅಲ್ಲ, ಆರ್ಥಿಕ ಸ್ವಾತಂತ್ರ್ಯವನ್ನೂ ಆಮದು ಮಾಡಿಕೊಳ್ಳಲಿದೆ ಎಂದು ವಾದಿಸಿದರು. ಮೇ ತಿಂಗಳಲ್ಲಿ ಕೆಳಮನೆ 237–197 ಮತಗಳಿಂದ ಒಪ್ಪಿತು. ಅವರ ಸ್ವಂತ ಪಕ್ಷದ ಹೆಚ್ಚಿನವರು ವಿರೋಧಿಸಿದ್ದರು. ವಾರ್ಷಿಕ ನವೀಕರಣ ಹೋಗಿ, ಶಾಶ್ವತ ಸಹಜ ವ್ಯಾಪಾರ ಸಂಬಂಧ ಬಂತು. 2001ರ ಡಿಸೆಂಬರ್ 11ರಂದು ಚೀನಾ ಸಂಸ್ಥೆಯೊಳಗಿತ್ತು.

ಇಲ್ಲಿ ಒಂದು ಸಿದ್ಧಾಂತ ತಾನಾಗಿ ಒದಗುತ್ತದೆ. ಭರತನ ಪ್ರಕಾರ ಸ್ಥಾಯಿಭಾವಗಳು ಎಂಟು. ಬಂದುಹೋಗುವ ವ್ಯಭಿಚಾರಿ ಭಾವಗಳು ಮೂವತ್ತಮೂರು. ನಮ್ಮ ವಿಷಯದಲ್ಲಿ ಸ್ಥಾಯಿ ಯಾವುದೆಂದು ಬಹಳ ಹುಡುಕಿದೆವು. ಕರುಣೆ ಸ್ಥಾಯಿಯಲ್ಲ, ಅದಕ್ಕೆ ವಾಯಿದೆ ಇತ್ತು. ಕಾನೂನಿನ ಮೂಲಕ ಶಾಶ್ವತವಾದದ್ದು ವ್ಯಾಪಾರ ಒಂದೇ. ಉಳಿದದ್ದೆಲ್ಲ ವ್ಯಭಿಚಾರಿ.

ಇ. ಬೇಲಿದರ್ಶನಜನ್ಯ ಅದ್ಭುತ

ಇದರ ಶುದ್ಧ ಮಾದರಿ ಒಂದೇ ಸಿಕ್ಕಿದೆ. ಅದು ಎಷ್ಟು ನಿರ್ಮಲವಾಗಿದೆಯೆಂದರೆ ಎರಡನೆಯದನ್ನು ಹುಡುಕುವ ಅಗತ್ಯವೇ ಬೀಳಲಿಲ್ಲ. 2012ರಲ್ಲಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದ ಮಿಟ್ ರಾಮ್ನಿ ಫ್ಲಾರಿಡಾದ ಬೋಕಾ ರಾಟನ್‌ನಲ್ಲಿ ದಾನಿಗಳ ಊಟದಲ್ಲಿ ಮಾತಾಡಿದರು. ಯಾರೋ ಗುಟ್ಟಾಗಿ ಚಿತ್ರೀಕರಿಸಿದರು. ಶೇ 47ರಷ್ಟು ಅಮೆರಿಕನ್ನರ ಬಗ್ಗೆ ಅವರು ಆಡಿದ ಮಾತೇ ಲೋಕಪ್ರಸಿದ್ಧವಾಯಿತು. ರಸಿಕರಿಗೆ ಬೇಕಾದ ಭಾಗ ಬೇರೆ. ಹಿಂದೆ ಹೂಡಿಕೆ ಕಂಪನಿ ನಡೆಸುತ್ತಿದ್ದಾಗ ಕೊಳ್ಳಲೆಂದು ಚೀನಾದ ಒಂದು ಕಾರ್ಖಾನೆ ನೋಡಲು ಹೋಗಿದ್ದನ್ನು ಅವರು ವರ್ಣಿಸಿದರು. ಸುಮಾರು ಇಪ್ಪತ್ತು ಸಾವಿರ ಕೆಲಸಗಾರರು, ಹೆಚ್ಚಿನವರು ಹದಿನೆಂಟರಿಂದ ಇಪ್ಪತ್ತಮೂರರೊಳಗಿನ ಹುಡುಗಿಯರು. ಒಂದು ಕೋಣೆಗೆ ಹನ್ನೆರಡು ಜನ, ಒಂದರ ಮೇಲೊಂದು ಮೂರು ಮಂಚ. ಸುತ್ತ ಮುಳ್ಳುತಂತಿಯ ಬೇಲಿ, ಕಾವಲು ಗೋಪುರ. ಇದೇಕೆ ಎಂದು ಕೇಳಿದಾಗ, ಒಳಗಿನವರು ಓಡಿಹೋಗದಿರಲಿ ಎಂದಲ್ಲ, ಕೆಲಸ ಬೇಡಿ ಹೊರಗಿನವರು ನುಗ್ಗದಿರಲಿ ಎಂದು ಉತ್ತರ ಬಂತಂತೆ.

ಆಕ್ಷೇಪ: ಇಷ್ಟನ್ನು ಕಂಡವನಲ್ಲಿ ಕರುಣೆ ಹುಟ್ಟಬೇಕಲ್ಲವೆ?

ಸಮಾಧಾನ: ಸೂತ್ರ 1 ನೋಡಿ. ಆ ಮೇಜಿನಲ್ಲಿ ಆಲಂಬನವಾಗಿ ಕೂತವರು ಅಮೆರಿಕದ ಶ್ರೀಮಂತರು. ಈ ದೇಶದಲ್ಲಿ ಹುಟ್ಟಿದ್ದೇ ಬದುಕಿನ ಬಹುಪಾಲು ಗೆಲುವು ಎಂದು ಅವರಿಗೆ ತಿಳಿಸಲು ಬೇಲಿ ಬೇಕಾಗಿತ್ತು. ಅದೇ ವರ್ಷ ಬಹಿರಂಗ ವೇದಿಕೆಗಳಲ್ಲಿ ಅದೇ ವ್ಯಕ್ತಿ, ಅಧಿಕಾರಕ್ಕೆ ಬಂದ ಮೊದಲ ದಿನವೇ ಚೀನಾವನ್ನು ಕರೆನ್ಸಿ ಮೋಸಗಾರನೆಂದು ಘೋಷಿಸುವುದಾಗಿ ಗುಡುಗುತ್ತಿದ್ದರು. ಇತ್ತ ಇಲಿನಾಯ್‌ನ ಫ್ರೀಪೋರ್ಟ್‌ನಲ್ಲಿ, ಅವರೇ ಕಟ್ಟಿ ಬಹುಕಾಲದ ಹಿಂದೆ ಬಿಟ್ಟುಬಂದಿದ್ದ ಬೇಯ್ನ್ ಕ್ಯಾಪಿಟಲ್‌ಗೆ ದೊಡ್ಡ ಪಾಲಿದ್ದ ಸೆನ್ಸಾಟಾ ಕಾರ್ಖಾನೆ ಚೀನಾಕ್ಕೆ ಹೊರಡಲು ಗಂಟು ಕಟ್ಟುತ್ತಿತ್ತು. ಅದರ ಕಾರ್ಮಿಕರು ಎದುರಿನ ಬಯಲಲ್ಲಿ ಡೇರೆ ಹಾಕಿ ಕೂತರು. ಒಂದೇ ಋತುವಿನಲ್ಲಿ ಅದ್ಭುತ, ರೌದ್ರ ಎರಡೂ. ಡೇರೆಯಲ್ಲಿದ್ದವರ ಕರುಣ ಮಾತ್ರ ಈ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ.

ಈ. ಅಸೂಯಾ

ವ್ಯಭಿಚಾರಿ ಭಾವಗಳಲ್ಲಿ ಇದನ್ನು ಭರತನೇ ಹೆಸರಿಸಿದ್ದಾನೆ. ನಮ್ಮ ವರ್ಗದಲ್ಲಿ ಇದರ ಲಕ್ಷಣ ಸರಳ: ಚೀನಾದ ಕಾರ್ಮಿಕಳ ಹೊಗಳಿಕೆ ಯಾವಾಗಲೂ ಸ್ವದೇಶದ ಕಾರ್ಮಿಕನ ತೆಗಳಿಕೆಯಾಗಿ ಮುಗಿಯುತ್ತದೆ. ಹೊಗಳಿಕೆಗೆ ಸಂಬಳದ ಚೀಟಿ ಲಗತ್ತಿಸಿರುವುದಿಲ್ಲ.

ಉತ್ತಮ ತಳಿ ಬ್ರಿಟನ್ನಿನಲ್ಲಿ ಬೆಳೆಯುತ್ತದೆ. 2012ರಲ್ಲಿ ಐವರು ಕನ್ಸರ್ವೇಟಿವ್ ಸಂಸದರು ಸೇರಿ ‘ಬ್ರಿಟಾನಿಯ ಅನ್‌ಚೈನ್ಡ್’ ಎಂಬ ಪುಸ್ತಕ ಬರೆದು, ಬ್ರಿಟಿಷರು ಲೋಕದ ಮೈಗಳ್ಳರ ಸಾಲಿಗೆ ಸೇರಿದವರು ಎಂದು ದೂರಿದರು. ಐವರಲ್ಲಿ ಒಬ್ಬರು ಲಿಜ್ ಟ್ರಸ್. 2015ರ ಅಕ್ಟೋಬರಿನಲ್ಲಿ ಆರೋಗ್ಯ ಸಚಿವ ಜೆರಿಮಿ ಹಂಟ್, ಬಡ ಕೆಲಸಗಾರರಿಗೆ ಸಿಗುತ್ತಿದ್ದ ತೆರಿಗೆ ನೆರವನ್ನು ಕಡಿತ ಮಾಡುವುದನ್ನು ಸಮರ್ಥಿಸುತ್ತ, ಏಷ್ಯಾದವರಂತೆ ಮತ್ತು ಅಮೆರಿಕನ್ನರಂತೆ ಕಷ್ಟಪಟ್ಟು ದುಡಿಯುವ ದೇಶವಾಗಲು ನಾವು ಸಿದ್ಧರಿದ್ದೇವೆಯೆ ಎಂದು ಕೇಳಿದರು. ನೆರವು ಕಡಿತಗೊಳ್ಳುವ ಹೊತ್ತಿಗೆ ಸರಿಯಾಗಿ ಚೀನಾದ ಕಾರ್ಮಿಕಳ ನೆನಪಾದದ್ದನ್ನು ಗಮನಿಸಿ. ಆ ತಿಂಗಳಲ್ಲೇ ಪ್ರಧಾನಿ ಕ್ಯಾಮರೂನ್, ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್‌ರನ್ನು ಬಕಿಂಗ್‌ಹ್ಯಾಮ್‌ಷೈರ್‌ನ ಒಂದು ಪಬ್ಬಿಗೆ ಕರೆದೊಯ್ದು ಬಿಯರ್ ಕುಡಿಸಿದರು. ಅದಕ್ಕೂ ಹಿಂದಿನ ತಿಂಗಳು ಹಣಕಾಸು ಸಚಿವ ಆಸ್ಬರ್ನ್ ಷಿನ್‌ಜಿಯಾಂಗ್‌ನ ಉರುಮ್‌ಚಿಗೇ ಹೋಗಿ ಬಂದಿದ್ದರು. ಆರು ವರ್ಷ ಕಳೆಯುವುದರೊಳಗೆ, 2021ರ ಏಪ್ರಿಲ್‌ನಲ್ಲಿ, ಅದೇ ಪಕ್ಷ ಬಹುಮತದಲ್ಲಿದ್ದ ಕೆಳಮನೆ ಷಿನ್‌ಜಿಯಾಂಗ್‌ನಲ್ಲಿ ಉಯ್ಗುರರ ಮೇಲೆ ನರಮೇಧ ನಡೆಯುತ್ತಿದೆ ಎಂಬ ನಿರ್ಣಯ ಅಂಗೀಕರಿಸಿತು.

ಟ್ರಸ್‌ರಲ್ಲಿ ಈ ಭಾವ ಪರಿಪಾಕಕ್ಕೆ ಬಂತು. ಪ್ರಧಾನಿ ಪಟ್ಟಕ್ಕೆ ಸ್ಪರ್ಧಿಸಿದ್ದ 2022ರ ಆಗಸ್ಟಿನಲ್ಲಿ ಅವರ ಹಳೆಯ ಧ್ವನಿಮುದ್ರಿಕೆಯೊಂದು ಸೋರಿತು. ಲಂಡನ್ನಿನ ಹೊರಗಿನ ಬ್ರಿಟಿಷ್ ಕೆಲಸಗಾರರು ಇನ್ನಷ್ಟು ಬೆವರು ಸುರಿಸಬೇಕು, ಚೀನಾದಲ್ಲಿ ಹೀಗಿಲ್ಲ ಎಂಬುದು ಅದರ ಸಾರ. ಅದೇ ಆಗಸ್ಟಿನಲ್ಲಿ ಅವರು ಚೀನಾವನ್ನು ದೇಶಕ್ಕೆ ಬೆದರಿಕೆಯೆಂದು ಅಧಿಕೃತವಾಗಿ ಹೆಸರಿಸಲಿದ್ದಾರೆಂದು ಪತ್ರಿಕೆಗಳು ಬರೆಯುತ್ತಿದ್ದವು. ಬೆದರಿಕೆಯೂ ಹೌದು, ಆದರ್ಶವೂ ಹೌದು. ಪೂರ್ವಸೂರಿಗಳು ಇದಕ್ಕೆ ಭಾವಸಂಧಿ ಎಂದು ಹೆಸರಿಟ್ಟಿದ್ದಾರೆ.

ಈ (1). ಅಸೂಯೆಯ ದಕ್ಷಿಣ ಶಾಖೆ: ಅನುಕರಣ

ಅಸೂಯೆ ಬಾಯಲ್ಲೇ ಉಳಿದರೆ ಬ್ರಿಟಿಷ್, ಕಾಯ್ದೆಯಾದರೆ ನಮ್ಮದು. 2020ರ ಜೂನ್‌ನಲ್ಲಿ ಗಾಲ್ವಾನ್ ಕಣಿವೆಯಲ್ಲಿ ಸೈನಿಕರು ಸತ್ತ ಮೇಲೆ ಚೀನೀ ಸರಕು ಬೇಡವೆಂಬ ಕೂಗೆದ್ದಿತು. ಟೀವಿಗಳನ್ನು ಬೀದಿಗೆ ತಂದು ಒಡೆದರು. ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿತು. ಅದೇ ಕಾಲಕ್ಕೆ ಚೀನಾ ಬಿಟ್ಟು ಹೊರಡುವ ಕಾರ್ಖಾನೆಗಳಿಗೆ ರಾಜ್ಯ ರಾಜ್ಯಗಳು ಕೆಂಪುಗಂಬಳಿ ಹಾಸಿ ಕಾದವು. ಸರಕು ನಿಷಿದ್ಧ, ಪಾಳಿ ಸ್ವಾಗತಾರ್ಹ.

ಕೋಲಾರದ ನರಸಾಪುರದಲ್ಲಿ ತೈವಾನಿನ ವಿಸ್ಟ್ರಾನ್ ಕಂಪನಿ ಐಫೋನ್ ಜೋಡಿಸುತ್ತಿತ್ತು. 2020ರ ಡಿಸೆಂಬರ್ 12ರ ಬೆಳಿಗ್ಗೆ, ರಾತ್ರಿ ಪಾಳಿ ಮುಗಿಸಿದ ಕೆಲಸಗಾರರು ಸಂಬಳದ ವಿಷಯಕ್ಕೆ ರೊಚ್ಚಿಗೆದ್ದು ಗಾಜು, ಯಂತ್ರ, ವಾಹನಗಳನ್ನು ಪುಡಿಮಾಡಿದರು. ಸಂಬಳ ಸರಿಯಾಗಿ ಕೊಟ್ಟಿಲ್ಲವೆಂದು ಆಮೇಲೆ ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು, ಆ್ಯಪಲ್ ಅದನ್ನು ಪರೀಕ್ಷಣೆಯಲ್ಲಿಟ್ಟಿತು. ವಿಧಾನಸೌಧದಲ್ಲಿ ಮೊದಲು ಕೇಳಿಬಂದ ಚಿಂತೆ ಹೂಡಿಕೆದಾರರ ಮನಸ್ಸಿನದು.

ಎರಡು ವರ್ಷ ಕಳೆಯಿತು. 2023ರ ಫೆಬ್ರವರಿಯಲ್ಲಿ ಕರ್ನಾಟಕ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದಿತು. ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೂ ದುಡಿಸಬಹುದು. ಹೆಂಗಸರಿಗೂ ರಾತ್ರಿ ಪಾಳಿ. ಮೂರು ತಿಂಗಳಿಗೆ 75 ಗಂಟೆಯಿದ್ದ ಓಟಿ ಮಿತಿ 145ಕ್ಕೆ ಏರಿತು. ಆ್ಯಪಲ್, ಅದಕ್ಕೆ ಫೋನ್ ಜೋಡಿಸಿಕೊಡುವ ಫಾಕ್ಸ್‌ಕಾನ್‌ಗಳ ಒತ್ತಾಯ ಇದರ ಹಿಂದಿತ್ತೆಂದು ಫೈನಾನ್ಷಿಯಲ್ ಟೈಮ್ಸ್ ಬರೆಯಿತು. ಮಾರ್ಚ್‌ನಲ್ಲಿ ಫಾಕ್ಸ್‌ಕಾನ್ ಮುಖ್ಯಸ್ಥರು ಬೆಂಗಳೂರಿಗೆ ಬಂದರು. ದೇವನಹಳ್ಳಿ–ದೊಡ್ಡಬಳ್ಳಾಪುರದ ಕಡೆ ಜಾಗ ಗೊತ್ತಾಯಿತು. ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು, ತಿದ್ದುಪಡಿ ಬದಲಾಗಲಿಲ್ಲ. ಪಕ್ಕದ ತಮಿಳುನಾಡು ಅದೇ ಏಪ್ರಿಲ್‌ನಲ್ಲಿ ಇಂಥದೇ ಮಸೂದೆ ಪಾಸು ಮಾಡಿ, ಸಂಘಗಳೂ ಮಿತ್ರಪಕ್ಷಗಳೂ ಎದ್ದು ನಿಂತಾಗ ಮೇ ದಿನದಂದು ವಾಪಸ್ ಪಡೆಯಿತು. ನಮ್ಮಲ್ಲಿ ಅಷ್ಟು ಸದ್ದಾಗಲಿಲ್ಲ.

ಈಗ ಗಣಿತ. ಚೀನಾದ ಕಾಯ್ದೆಯ ಪ್ರಕಾರ ತಿಂಗಳಿಗೆ 36 ಗಂಟೆ ಓಟಿ, ಅಂದರೆ ಮೂರು ತಿಂಗಳಿಗೆ 108. ಕರ್ನಾಟಕದ್ದು 145. ಚೀನಾದ ಕಾರ್ಖಾನೆಗಳು ತಮ್ಮ ಕಾಯ್ದೆಯನ್ನು ಎಷ್ಟೋ ಕಾಲದಿಂದ ಮುರಿಯುತ್ತ ಬಂದಿವೆಯೆಂಬುದು ನಿಜ. ಕಾಗದದ ಮೇಲೆ ಮಾತ್ರ, ಚೀನಾವನ್ನು ಹಿಂದಿಕ್ಕುತ್ತೇವೆಂದು ದೆಹಲಿಯಿಂದ ಬೆಂಗಳೂರಿನವರೆಗೆ ಎಲ್ಲರೂ ಕೊಟ್ಟ ಮಾತನ್ನು ನಮ್ಮ ಶಾಸಕರು ಉಳಿಸಿಕೊಂಡಿದ್ದಾರೆ. ನಕಲು ಮೂಲವನ್ನು ಮೀರಿದ ಇಂಥ ಉದಾಹರಣೆ ಅಲಂಕಾರಶಾಸ್ತ್ರದಲ್ಲೂ ವಿರಳ.

ಉ. ಅಮರ್ಷ ಮತ್ತು ಅವಹಿತ್ಥ

ಎರಡನ್ನೂ ಒಟ್ಟಿಗೆ ಮುಗಿಸಬಹುದು. ಅಮರ್ಷ ಎಂದರೆ ತಾಳಲಾರದ ಸಿಟ್ಟು. 2012ರ ಲಂಡನ್ ಒಲಿಂಪಿಕ್ಸ್‌ಗೆ ಅಮೆರಿಕದ ತಂಡದ ಸಮವಸ್ತ್ರ ಚೀನಾದಲ್ಲಿ ಹೊಲಿದದ್ದೆಂದು ಗೊತ್ತಾದಾಗ, ಸೆನೆಟ್ಟಿನ ಬಹುಮತ ಪಕ್ಷದ ನಾಯಕ ಹ್ಯಾರಿ ರೀಡ್ ಅವನ್ನೆಲ್ಲ ಗುಡ್ಡೆ ಹಾಕಿ ಸುಡಬೇಕೆಂದರು. ಸಿಟ್ಟು ಬಟ್ಟೆಯ ಮೇಲೆ. ಹೊಲಿದವಳಿಗೆ ಎಷ್ಟು ಸಿಕ್ಕಿತೆಂಬುದರ ಮೇಲಲ್ಲ. ಅವಹಿತ್ಥ ಎಂದರೆ ಒಳಗಿನದನ್ನು ಮುಚ್ಚಿಟ್ಟುಕೊಳ್ಳುವುದು. ಚೀನಾ ನಮ್ಮ ಕೆಲಸಗಳನ್ನು ಕದ್ದಿತೆಂದು ಗುಡುಗುತ್ತ ಬಂದ ಡೊನಾಲ್ಡ್ ಟ್ರಂಪ್‌ರ ಹೆಸರಿನ ಟೈಗಳು ಚೀನಾದಲ್ಲಿ ತಯಾರಾದವೆಂದು 2012ರಲ್ಲಿ ಡೇವಿಡ್ ಲೆಟರ್‌ಮನ್ ಎಂಬ ಟೀವಿ ನಿರೂಪಕ ತನ್ನ ಕಾರ್ಯಕ್ರಮದಲ್ಲಿ ಟ್ರಂಪ್‌ರ ಎದುರಲ್ಲೇ ತೋರಿಸಿದ. 2024ರಲ್ಲಿ ಅವರು ಪ್ರಚಾರ ಮಾಡಿ 59.99 ಡಾಲರಿಗೆ ಮಾರಿಸಿದ ಬೈಬಲ್‌ನ ಲಕ್ಷಕ್ಕೂ ಹೆಚ್ಚು ಪ್ರತಿಗಳು ಹಾಂಗ್‌ಝೌನಲ್ಲಿ ಅಚ್ಚಾಗಿ, ತಲಾ ಮೂರು ಡಾಲರಿಗೂ ಕಡಿಮೆ ಬೆಲೆಯಲ್ಲಿ ಬಂದಿದ್ದವೆಂದು ಅಸೋಸಿಯೇಟೆಡ್ ಪ್ರೆಸ್ ಪತ್ತೆಹಚ್ಚಿತು.

ಪ್ರಸಂಗವಶಾತ್ ಇನ್ನೊಂದು ಟಿಪ್ಪಣಿ. ಭರತನ ಮೂವತ್ತಮೂರರಲ್ಲಿ ವ್ರೀಡಾ, ಅಂದರೆ ನಾಚಿಕೆ, ಕೂಡ ಸೇರಿದೆ. ಇದಕ್ಕೆ ಮಾದರಿ ದೊರೆತಿಲ್ಲ.

ಊ. ಸ್ಕ್ರೂ-ವಿಪ್ರಲಂಭ

ಕೈತಪ್ಪಿದ ಪ್ರಿಯವಸ್ತುವಿಗಾಗಿ ಹಲುಬುವುದು ವಿಪ್ರಲಂಭ ಶೃಂಗಾರ. 2025ರ ಏಪ್ರಿಲ್ ಮೊದಲ ವಾರದಲ್ಲಿ ಈ ವರ್ಗ ಹೊಸದಾಗಿ ಹುಟ್ಟಿತು. 3ನೇ ತಾರೀಖು ಅಮೆರಿಕದ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್, ಚೀನೀ ರೈತಾಪಿಗಳಿಂದ ಸಾಲ ಪಡೆದು ಆ ರೈತಾಪಿಗಳೇ ತಯಾರಿಸಿದ ಸರಕನ್ನು ನಾವು ಕೊಳ್ಳುತ್ತಿದ್ದೇವೆಂದು ಟೀವಿಯಲ್ಲಿ ಹೀಯಾಳಿಸಿದರು. ಚೀನಾದ ವಿದೇಶಾಂಗ ಇಲಾಖೆ ಇದನ್ನು ಅಜ್ಞಾನ, ಅಸಭ್ಯತೆ ಎಂದಿತು. 6ನೇ ತಾರೀಖು ವಾಣಿಜ್ಯ ಸಚಿವ ಹೊವರ್ಡ್ ಲುಟ್ನಿಕ್ ಇನ್ನೊಂದು ಟೀವಿಯಲ್ಲಿ, ಐಫೋನಿಗೆ ಚಿಕ್ಕ ಚಿಕ್ಕ ಸ್ಕ್ರೂ ಬಿಗಿಯುವ ಲಕ್ಷಾಂತರ ಜನರ ಆ ಸೈನ್ಯದಂಥ ಕೆಲಸ ಅಮೆರಿಕಕ್ಕೆ ಬರಲಿದೆ, ಅದೂ ಯಂತ್ರಗಳ ಮೂಲಕ ನಡೆಯಲಿದೆ ಎಂದು ಸಂಭ್ರಮಿಸಿದರು. ಒಂದೇ ಸರ್ಕಾರದಲ್ಲಿ, ಒಂದೇ ಬೆಂಚಿನ ಕೆಲಸದ ಬಗ್ಗೆ, ಗುರುವಾರ ತಿರಸ್ಕಾರ, ಭಾನುವಾರ ವಿರಹ. ಚೀನೀ ಸರಕಿನ ಮೇಲೆ ಸುಂಕ ಆ ವಾರದೊಳಗೆ ಶೇ 145 ಮುಟ್ಟಿತು. ಅದರ ಬೆನ್ನಿಗೇ ಸ್ಮಾರ್ಟ್‌ಫೋನ್‌ಗಳಿಗೆ ವಿನಾಯಿತಿ ಬಂತು, ಏಕೆಂದರೆ ವಿರಹ ಎಷ್ಟೇ ತೀವ್ರವಾಗಿದ್ದರೂ ಅಂಗಡಿಯಲ್ಲಿ ಫೋನಿನ ಬೆಲೆ ಮತದಾರನ ಕಣ್ಣಿಗೆ ಬೀಳುತ್ತದೆ.

ಆಕ್ಷೇಪ: ಹಾಗಾದರೆ ಪರಕೀಯರೆಲ್ಲರೂ ನಟರೇ?

ಸಮಾಧಾನ: ಅಲ್ಲ. ಇಲ್ಲಿ ವ್ಯಂಗ್ಯವನ್ನು ಸ್ವಲ್ಪ ಬದಿಗಿಡಬೇಕು. 1991ರಲ್ಲಿ ತಿಯಾನನ್‌ಮೆನ್ ಚೌಕದಲ್ಲಿ ಬ್ಯಾನರ್ ಬಿಚ್ಚಿ ನಿಂತ ಅಮೆರಿಕದ ಸಂಸದೆ ನ್ಯಾನ್ಸಿ ಪೆಲೋಸಿ ಮೂವತ್ತು ವರ್ಷ ಕಳೆದರೂ ಇದೇ ವಿಷಯ ಮಾತಾಡುತ್ತಿದ್ದರು. ರಿಪಬ್ಲಿಕನ್ ಪಕ್ಷದ ಕ್ರಿಸ್ ಸ್ಮಿತ್ ಕೂಡ ಹಾಗೆಯೇ. ಶಾಶ್ವತ ವ್ಯಾಪಾರ ಸಂಬಂಧ 2000ದಲ್ಲಿ ಬೇಡವೆಂದ ಬರ್ನಿ ಸ್ಯಾಂಡರ್ಸ್ ಇಂದೂ ಬೇಡವೆನ್ನುತ್ತಾರೆ. ಇಂಥವರಿಂದಲೇ ಕೆಲವು ಕಾನೂನುಗಳೂ ಆಗಿವೆ. ಬಲವಂತದ ದುಡಿಮೆಯ ಸರಕನ್ನು ಅಮೆರಿಕ 1930ರಲ್ಲೇ ನಿಷೇಧಿಸಿತ್ತು. ಒಂದು ಸಣ್ಣ ಕಿಂಡಿ ಇತ್ತು: ದೇಶದೊಳಗೆ ಸಾಕಷ್ಟು ತಯಾರಾಗದ ಸರಕಾದರೆ ಅಡ್ಡಿಯಿಲ್ಲ. ಕೊರತೆಯಿದ್ದಲ್ಲಿ ಕರುಣೆ ಬೇಡ ಎಂಬ ಈ ನಿಯಮ 86 ವರ್ಷ ಬದುಕಿ 2016ರಲ್ಲಿ ತೀರಿಕೊಂಡಿತು. 2021ರ ಡಿಸೆಂಬರಿನಲ್ಲಿ ಕೆಳಮನೆ 428–1 ಮತಗಳಿಂದ ಇನ್ನೂ ಗಟ್ಟಿಯಾದ ಮಸೂದೆ ಒಪ್ಪಿತು. ಷಿನ್‌ಜಿಯಾಂಗ್‌ನಿಂದ ಬಂದ ಸರಕೆಲ್ಲ ಬಲವಂತದ ದುಡಿಮೆಯದೇ ಎಂದು ಭಾವಿಸತಕ್ಕದ್ದು, ಅಲ್ಲವೆಂದು ಸಾಬೀತು ಮಾಡುವ ಹೊಣೆ ಆಮದುದಾರನದು. ಕಂಟೇನರ್‌ಗಳು ನಿಜವಾಗಿಯೂ ಬಂದರಿನಲ್ಲಿ ನಿಂತವು. ಸಹಿ ಹಾಕಿದ ಅಧ್ಯಕ್ಷ ಜೋ ಬೈಡನ್, 2000ದಲ್ಲಿ ಸೆನೆಟರ್ ಆಗಿ ಶಾಶ್ವತ ವ್ಯಾಪಾರಕ್ಕೆ ಮತ ಹಾಕಿದವರು. ಅದನ್ನು ಬದಲಾದ ಮನಸ್ಸೆನ್ನಬೇಕೋ ಬದಲಾದ ಗಾಳಿಯೆನ್ನಬೇಕೋ ಎಂಬ ಜಿಜ್ಞಾಸೆ ಈ ಶಾಸ್ತ್ರದ್ದಲ್ಲ; ಬಂದರಿನಲ್ಲಿ ನಿಂತ ಕಂಟೇನರ್ ಎರಡರಲ್ಲೂ ಒಂದೇ.

ಯುರೋಪಿನದು ಒಂದು ವಾಕ್ಯ. 2020ರ ಡಿಸೆಂಬರ್ 30ರಂದು ಚೀನಾದೊಡನೆ ಹೂಡಿಕೆ ಒಪ್ಪಂದ ಕುದುರಿಸಿದಾಗ ಬಲವಂತದ ದುಡಿಮೆಯ ಬಗ್ಗೆ ಸಿಕ್ಕ ಭರವಸೆ ಸತತ ಪ್ರಯತ್ನ ಮಾಡುತ್ತೇವೆಂಬುದಷ್ಟೇ, ಅದನ್ನೂ ಒಪ್ಪಂದವನ್ನೂ ಯುರೋಪಿನ ಸಂಸತ್ತು ಮುಂದಿನ ಮೇ ತಿಂಗಳಲ್ಲಿ ಶೀತಲಪೆಟ್ಟಿಗೆಗೆ ಹಾಕಿತು.

ಸ್ವಕೀಯ ಪ್ರಕರಣ

ಚೀನಾ ಸಂವಿಧಾನದ ಮೊದಲ ವಿಧಿಯ ಪ್ರಕಾರ ದೇಶವನ್ನು ಮುನ್ನಡೆಸುವುದು ಕಾರ್ಮಿಕ ವರ್ಗ. ಆದ್ದರಿಂದ ಸ್ವಕೀಯ ರಾಜಕಾರಣಿ ಕಾರ್ಮಿಕಳನ್ನು ನೋಡಿದಾಗ, ಶಾಸ್ತ್ರದ ಪ್ರಕಾರ, ತನ್ನನ್ನು ಆಳುವವಳನ್ನು ನೋಡುತ್ತಿದ್ದಾನೆ. ದಾಸ್ಯಭಕ್ತಿಯೇ ಇಲ್ಲಿ ಸ್ಥಾಯಿಯಾಗಬೇಕಿತ್ತು. ಸಿಗುವುದು ವಾತ್ಸಲ್ಯ. 2003ರ ಅಕ್ಟೋಬರಿನಲ್ಲಿ ಪ್ರಧಾನಿ ವೆನ್ ಜಿಯಾಬಾವ್ ಚೊಂಗ್‌ಚಿಂಗ್ ಸೀಮೆಯ ಹಳ್ಳಿಯೊಂದರಲ್ಲಿ ರೈತ ಹೆಂಗಸೊಬ್ಬಳನ್ನು ಮಾತಾಡಿಸಿದರು. ಗಂಡ ಪೇಟೆಯಲ್ಲಿ ದುಡಿದ ಎರಡು ಸಾವಿರ ಯುವಾನಿಗೂ ಮಿಕ್ಕಿದ ಕೂಲಿ ಬಂದಿಲ್ಲವೆಂದು ಅವಳು ಹೇಳಿಬಿಟ್ಟಳು. ಆ ರಾತ್ರಿಯೇ ಹಣ ಮನೆಗೆ ಬಂತು. ಕೂಲಿ ವಸೂಲಿಗೆ ಪ್ರಧಾನಿಯೇ ಬರಬೇಕಾದ ದೇಶದಲ್ಲಿ ಪ್ರಧಾನಿ ಒಬ್ಬನೇ, ಕೂಲಿಕಾರರು ಕೋಟಿ ಕೋಟಿ. ಫಾಕ್ಸ್‌ಕಾನ್‌ನ ಶೆಂಜೆನ್ ಆವರಣಗಳಲ್ಲಿ ಎಳೆಯರು ಕಟ್ಟಡದಿಂದ ಒಬ್ಬರ ಹಿಂದೊಬ್ಬರು ಹಾರಿ ಸತ್ತ, ಕಂಪನಿ ಬಲೆಗಳನ್ನು ಕಟ್ಟಿದ 2010ರಲ್ಲಿ, ವಲಸೆ ಕಾರ್ಮಿಕರನ್ನು ಸ್ವಂತ ಮಕ್ಕಳಂತೆ ಕಾಣಬೇಕೆಂದು ಅದೇ ವೆನ್ ಹೇಳಿದರು. ಮಕ್ಕಳಿಗೆ ಮುಷ್ಕರದ ಹಕ್ಕು ಯಾವ ಮನೆಯಲ್ಲೂ ಇರುವುದಿಲ್ಲವಷ್ಟೆ.

ಸ್ವಕೀಯರ ಪರವಾಗಿಯೂ ಒಂದು ಮಾತು ಹೇಳಬೇಕು, ಏಕೆಂದರೆ ಇಲ್ಲಿ ಪಾತ್ರಗಳು ಅದಲುಬದಲಾದದ್ದನ್ನು ಪಾಶ್ಚಾತ್ಯ ವಿದ್ವಾಂಸರು ಸದ್ದಿಲ್ಲದೆ ದಾಟಿಬಿಡುತ್ತಾರೆ. 2006ರಲ್ಲಿ ಚೀನಾ ಕಾರ್ಮಿಕ ಕರಾರು ಕಾಯ್ದೆಯ ಕರಡನ್ನು ಜನರ ಮುಂದಿಟ್ಟಿತು. ಲಿಖಿತ ಕರಾರು ಕಡ್ಡಾಯ, ಮನಬಂದಂತೆ ತೆಗೆದುಹಾಕುವಂತಿಲ್ಲ, ತೆಗೆದರೆ ಪರಿಹಾರ. ಒಂದೇ ತಿಂಗಳಲ್ಲಿ 1.9 ಲಕ್ಷಕ್ಕೂ ಹೆಚ್ಚು ಅಭಿಪ್ರಾಯಗಳು ಬಂದವು. ಶಾಂಘೈನ ಅಮೆರಿಕನ್ ವಾಣಿಜ್ಯ ಮಂಡಳಿ ಆಕ್ಷೇಪ ಸಲ್ಲಿಸಿತು. ಯುರೋಪಿಯನ್ ಮಂಡಳಿ ಹೂಡಿಕೆಯ ಬಗ್ಗೆ ಮರುಚಿಂತಿಸಬೇಕಾದೀತೆಂದು ಎಚ್ಚರಿಸಿತು. ಪ್ರತಿ ಬೇಸಿಗೆಯಲ್ಲೂ ಚೀನಾದ ಕಾರ್ಮಿಕಳಿಗಾಗಿ ಮರುಗಿದ ದೇಶಗಳ ಕಂಪನಿಗಳು ಅವಳಿಗೆ ಇಷ್ಟೊಂದು ರಕ್ಷಣೆ ಅತಿಯಾಯಿತೆಂದು ಕಮ್ಯುನಿಸ್ಟ್ ಪಕ್ಷಕ್ಕೆ ಬುದ್ಧಿ ಹೇಳಿದವು. ಕರಡು ಅಲ್ಲಲ್ಲಿ ಮೆತ್ತಗಾಯಿತು. ಕಾಯ್ದೆ 2008ರ ಜನವರಿಯಲ್ಲಿ ಜಾರಿಗೆ ಬಂತು.

ಕೊನೆಯ ಮಾದರಿ 2018ನೆಯ ವರ್ಷದ್ದು. ಆ ಮೇ ತಿಂಗಳಲ್ಲಿ ಕಾರ್ಲ್ ಮಾರ್ಕ್ಸ್‌ನ ಇನ್ನೂರನೆಯ ಜಯಂತಿ. ಷಿ ಜಿನ್‌ಪಿಂಗ್ ಬೀಜಿಂಗಿನ ಮಹಾಸಭಾಂಗಣದಲ್ಲಿ ಮಾರ್ಕ್ಸ್‌ನನ್ನು ಕೊಂಡಾಡಿದರು. ಅವನು ಹುಟ್ಟಿದ ಜರ್ಮನಿಯ ಟ್ರಿಯರ್ ಪಟ್ಟಣಕ್ಕೆ ಚೀನಾ ಉಡುಗೊರೆಯಾಗಿ ಕಳಿಸಿದ, ಪೀಠ ಸೇರಿ ಐದೂವರೆ ಮೀಟರ್ ಎತ್ತರದ ಕಂಚಿನ ಪ್ರತಿಮೆ ಅನಾವರಣಗೊಂಡಿತು. ಜುಲೈ ತಿಂಗಳಲ್ಲಿ ಶೆಂಜೆನ್ನಿನ ಜಾಸಿಕ್ ಎಂಬ ವೆಲ್ಡಿಂಗ್ ಯಂತ್ರದ ಕಾರ್ಖಾನೆಯ ಕೆಲವು ಕೆಲಸಗಾರರು ಸಂಘ ಕಟ್ಟಲು ಹೊರಟು ಕೆಲಸ ಕಳೆದುಕೊಂಡರು, ಪೊಲೀಸರ ವಶವಾದರು. ಪೀಕಿಂಗ್ ವಿಶ್ವವಿದ್ಯಾಲಯ ಮುಂತಾದ ಕಡೆಗಳಿಂದ ವಿದ್ಯಾರ್ಥಿಗಳು ಅವರ ಬೆಂಬಲಕ್ಕೆ ಬಂದರು. ತರಗತಿಯಲ್ಲಿ ಕಡ್ಡಾಯವಾಗಿ ಓದಿಸಿದ ಮಾರ್ಕ್ಸ್‌ನನ್ನು ಈ ಮಕ್ಕಳು ನಿಜವೆಂದು ನಂಬಿಬಿಟ್ಟಿದ್ದರು. ಆಗಸ್ಟಿನಲ್ಲಿ ಅವರು ತಂಗಿದ್ದ ಮನೆಗೆ ಪೊಲೀಸರು ನುಗ್ಗಿ ಸುಮಾರು ಐವತ್ತು ಮಂದಿಯನ್ನು ಹಿಡಿದರು. ಡಿಸೆಂಬರ್ 26 ಮಾವೋನ 125ನೆಯ ಹುಟ್ಟುಹಬ್ಬ. ಪೀಕಿಂಗ್ ವಿಶ್ವವಿದ್ಯಾಲಯದ ಮಾರ್ಕ್ಸ್‌ವಾದಿ ವಿದ್ಯಾರ್ಥಿ ಸಂಘದ ಮುಖ್ಯಸ್ಥ ಅದನ್ನು ಆಚರಿಸಲು ಹೊರಟಿದ್ದಾಗ ದಾರಿಯಲ್ಲೇ ಅವನನ್ನು ಎತ್ತಿಕೊಂಡು ಹೋದರು. 1975ರ ಸಂವಿಧಾನದಲ್ಲಿ ಮುಷ್ಕರದ ಹಕ್ಕನ್ನು ಸೇರಿಸಿದ್ದು ಮಾವೋನ ಸೂಚನೆಯ ಮೇರೆಗೆ.

ಇದಕ್ಕೆ ರಸ ಯಾವುದೆಂಬ ಬಗ್ಗೆ ನಮ್ಮಲ್ಲಿ ಒಮ್ಮತವಾಗಲಿಲ್ಲ. ಹಾಸ್ಯಕ್ಕೆ ಬೇಕಾದ ವಿಭಾವಗಳು ಎಲ್ಲವೂ ಇವೆ ಎಂದು ಕೆಲವರು, ಭಯಾನಕವೆಂದು ಕೆಲವರು, ಕರುಣವೆಂದು ಉಳಿದವರು. ಹಾಸ್ಯಕ್ಕೆ ಭಯಾನಕವೂ ಕರುಣವೂ ವಿರೋಧಿ, ಮೂರೂ ಒಂದೆಡೆ ನಿಲ್ಲವು ಎಂಬುದು ಸಾಹಿತ್ಯದರ್ಪಣಕಾರ ವಿಶ್ವನಾಥನ ಮತ. ಸದ್ಯಕ್ಕೆ ಈ ಮಾದರಿಯನ್ನು ಯಾವ ವರ್ಗಕ್ಕೂ ಸೇರಿಸದೆ ಹೊರಗಿಟ್ಟಿದ್ದೇವೆ.